ಬಾವಲಿಗಳಿಂದ ಪಾಠ ಕಲಿತ ಗುರು: ಲಾಜಾರೊ ಸ್ಪಲ್ಲಾಂಜಾನಿ

ಬಾಗಿಲು ತೆರೆದುದನ್ನು, ನಲ್ಲಿ ತಿರುಗಿಸಿದುದನ್ನು, ಔಷಧಿ ಪೆಟ್ಟಿಗೆಯ ಮುಚ್ಚಳ ಎತ್ತಿದುದನ್ನು ತಾವಾಗಿಯೇ ಗುರುತಿಸುವ ಸಣ್ಣ ಸಾಧನಗಳು ಇಂದು ಮನೆಗಳಿಗೆ ಕಾಲಿಡುತ್ತಿವೆ. ಇವುಗಳಲ್ಲಿ ಬ್ಯಾಟರಿಯನ್ನಾಗಲಿ ವಿದ್ಯುತ್ ತಂತಿಯನ್ನಾಗಲಿ ಬೇಡದ ಒಂದು ಬಗೆಯನ್ನು ಸಂಶೋಧಕರು ರೂಪಿಸಿದ್ದಾರೆ. ಅದರ ತತ್ತ್ವ ಬಹಳ ಸರಳ. ಬಾಗಿಲಿಗೆ ಲೋಹದ ಒಂದು ಚಿಕ್ಕ ತುಂಡನ್ನು ಅಳವಡಿಸಿ, ಬಾಗಿಲು ಚಲಿಸಿದಾಗ ಅದರ ಮೇಲೆ ಸಣ್ಣ ಪೆಟ್ಟು ಬೀಳುವಂತೆ ಮಾಡಿದರೆ ಆ ತುಂಡು ಗಂಟೆಯಂತೆ ಕಂಪಿಸುತ್ತದೆ. ಆದರೆ ಆ ಗಂಟೆಯ ನಾದ ನಮಗೆ ಕೇಳಿಸುವುದಿಲ್ಲ. ಮನುಷ್ಯನ ಕಿವಿಗೆ ನಿಲುಕದ ಶ್ರವಣಾತೀತ ಧ್ವನಿ ಅದು. ಕೋಣೆಯ ಒಂದು ಮೂಲೆಯಲ್ಲಿಟ್ಟ ಯಂತ್ರ ಮಾತ್ರ ಅದನ್ನು ಆಲಿಸಿ, ಯಾವ ತುಂಡು ನುಡಿಯಿತು ಎಂಬುದನ್ನು ಸ್ವರಭೇದದಿಂದ ತಿಳಿದುಕೊಳ್ಳುತ್ತದೆ. ಬೇಕಾದ ಶಕ್ತಿಯನ್ನು ಬಾಗಿಲು ತೆರೆದ ಕೈಯೇ ಒದಗಿಸಿರುತ್ತದೆ.

ಕೇಳದ ಸದ್ದೊಂದು ಲೋಕದಲ್ಲಿ ಇರಬಹುದು, ಆ ಸದ್ದಿನಿಂದ ಕತ್ತಲಲ್ಲಿ ವಸ್ತುಗಳನ್ನು ಗುರುತಿಸಬಹುದು ಎಂಬ ಅರಿವಿಗೆ ಮನುಷ್ಯಕುಲ ಬಂದು ತಲುಪಿದ ದಾರಿ ದೀರ್ಘವಾದುದು. ಆ ದಾರಿಯ ಮೊದಲ ಮೈಲಿಗಲ್ಲನ್ನು ನೆಟ್ಟವರು ಹದಿನೆಂಟನೆಯ ಶತಮಾನದ ಒಬ್ಬ ಕಥೋಲಿಕ ಗುರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಇಟಲಿಯ ಲಾಜಾರೊ ಸ್ಪಲ್ಲಾಂಜಾನಿ ಅವರೇ ಆ ಗುರು. ಜೀವಶಾಸ್ತ್ರದ ಚರಿತ್ರೆಯಲ್ಲಿ ಅವರ ಹೆಸರು ಸುಪ್ರಸಿದ್ಧ. ಆದರೆ ಅವರ ಬಾಳಿನ ಸಂಜೆಯಲ್ಲಿ ನಡೆದ ಬಾವಲಿಗಳ ಪ್ರಯೋಗ ಮತ್ತು ಅದರಿಂದ ಅವರು ಕಲಿತ ಪಾಠ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ನ್ಯಾಯಶಾಸ್ತ್ರದಿಂದ ನಿಸರ್ಗಶಾಸ್ತ್ರಕ್ಕೆ

ಸ್ಪಲ್ಲಾಂಜಾನಿಯವರು 1729ರ ಜನವರಿಯಲ್ಲಿ ಉತ್ತರ ಇಟಲಿಯ ಸ್ಕಾಂಡಿಯಾನೊ ಎಂಬ ಚಿಕ್ಕ ಪಟ್ಟಣದಲ್ಲಿ ಜನಿಸಿದರು. ಆಗ ಇಟಲಿ ಒಂದೇ ರಾಷ್ಟ್ರವಾಗಿರಲಿಲ್ಲ. ಸ್ಕಾಂಡಿಯಾನೊ ಮೊದೆನಾದ ಡ್ಯೂಕರ ಆಳ್ವಿಕೆಗೆ ಸೇರಿತ್ತು. ತಂದೆ ವಕೀಲರು. ಹದಿನೈದರ ಹರೆಯದಲ್ಲಿ ಬಾಲಕನನ್ನು ಸಮೀಪದ ರೆಜ್ಜಿಯೊ ನಗರದಲ್ಲಿ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ವಿದ್ಯಾಲಯಕ್ಕೆ ಸೇರಿಸಲಾಯಿತು. ಅಲ್ಲಿ ಅವರು ಅಲಂಕಾರಶಾಸ್ತ್ರ, ತತ್ತ್ವಶಾಸ್ತ್ರ ಹಾಗೂ ಪ್ರಾಚೀನ ಭಾಷೆಗಳನ್ನು ಅಭ್ಯಾಸ ಮಾಡಿದರು. ಬುದ್ಧಿವಂತ ಶಿಷ್ಯನನ್ನು ತಮ್ಮ ಸಭೆಗೆ ಸೇರಿಸಿಕೊಳ್ಳಲು ಗುರುಗಳು ಬಯಸಿದ್ದು ಸಹಜವೇ. ಆದರೆ ತಂದೆಯ ಇಚ್ಛೆಯಂತೆ ಯುವಕ 1749ರಲ್ಲಿ ಬೊಲೊನ್ಯ ವಿಶ್ವವಿದ್ಯಾನಿಲಯಕ್ಕೆ ನ್ಯಾಯಶಾಸ್ತ್ರ ಕಲಿಯಲು ತೆರಳಿದನು.

ಬೊಲೊನ್ಯದಲ್ಲಿ ಅವರ ಬಾಳಿನ ದಿಕ್ಕನ್ನು ಬದಲಿಸಿದವರು ಓರ್ವ ಮಹಿಳೆ. ಬಂಧುವಾಗಿದ್ದ ಲೌರಾ ಬಾಸ್ಸಿ ಅವರು 1732ರಲ್ಲೇ ಆ ವಿಶ್ವವಿದ್ಯಾನಿಲಯದ ಪದವಿಯನ್ನೂ ಅಧ್ಯಾಪಕ ಸ್ಥಾನವನ್ನೂ ಪಡೆದು ಯೂರೋಪಿನಲ್ಲೆಲ್ಲ ಹೆಸರಾಗಿದ್ದರು. ಸ್ತ್ರೀಯರಿಗೆ ವಿದ್ಯಾಪೀಠಗಳ ಬಾಗಿಲು ಮುಚ್ಚಿದ್ದ ಆ ಕಾಲದಲ್ಲಿ ಆಕೆಗೆ ಬೆಂಬಲವಾಗಿ ನಿಂತವರು ಆಗ ಬೊಲೊನ್ಯದ ಮಹಾಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ಲಾಂಬೆರ್ತೀನಿ. 1740ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರೆಂಬ ಹೆಸರಿನಿಂದ ಪೋಪರಾದವರು ಇವರೇ. ಭೌತಶಾಸ್ತ್ರದಲ್ಲಿ ನಿಷ್ಣಾತರಾಗಿದ್ದ ಲೌರಾ ಅವರ ಮಾರ್ಗದರ್ಶನದಲ್ಲಿ ಸ್ಪಲ್ಲಾಂಜಾನಿಯವರಿಗೆ ನಿಸರ್ಗದ ಅಧ್ಯಯನದಲ್ಲಿ ಒಲವು ಮೂಡಿತು. ಕೊನೆಗೆ ತಂದೆಯೂ ಒಪ್ಪಿದರು. ನ್ಯಾಯಶಾಸ್ತ್ರವನ್ನು ಅರ್ಧಕ್ಕೆ ಕೈಬಿಟ್ಟ ಅವರು ತತ್ತ್ವಶಾಸ್ತ್ರ, ಗಣಿತ ಮತ್ತು ನಿಸರ್ಗಶಾಸ್ತ್ರಗಳಲ್ಲಿ ಮುಳುಗಿದರು. ಇದೇ ವರ್ಷಗಳಲ್ಲಿ ಕಿರಿಯ ದೀಕ್ಷೆಗಳನ್ನು ಸ್ವೀಕರಿಸಿ, ಕೆಲವು ವರ್ಷಗಳ ಬಳಿಕ ಗುರುದೀಕ್ಷೆಯನ್ನೂ ಪಡೆದರು.

ಅವರು ಧರ್ಮಕೇಂದ್ರದ ಪಾಲಕರಾಗಿ ಬಾಳಿದವರಲ್ಲ. ಧರ್ಮಸಭೆಯಿಂದ ದೊರೆತ ಆದಾಯ ಅವರ ಸಂಶೋಧನೆಗೆ ಆಸರೆಯಾಯಿತು ಎಂಬುದನ್ನು ಚರಿತ್ರಕಾರರು ಮುಚ್ಚಿಡುವುದಿಲ್ಲ, ನಾವೂ ಮುಚ್ಚಿಡಬೇಕಿಲ್ಲ. ರೆಜ್ಜಿಯೊದಲ್ಲಿ ಕೆಲವು ವರ್ಷ, 1763ರಿಂದ ಮೊದೆನಾದಲ್ಲಿ ಕೆಲವು ವರ್ಷ ಬೋಧಿಸಿದ ತರುವಾಯ, ಆಸ್ಟ್ರಿಯದ ಸಾಮ್ರಾಜ್ಞಿ ಮರಿಯ ತೆರೇಸಾ ಅವರ ಸರ್ಕಾರದ ಆಹ್ವಾನದ ಮೇರೆಗೆ 1769ರಲ್ಲಿ ಪಾವಿಯಾ ವಿಶ್ವವಿದ್ಯಾನಿಲಯದ ನಿಸರ್ಗಶಾಸ್ತ್ರ ಪೀಠವನ್ನು ಅಲಂಕರಿಸಿದರು. ಸಾಯುವ ತನಕವೂ ಆ ಪೀಠ ಅವರದೇ ಆಗಿತ್ತು.

ಇಬ್ಬರು ಗುರುಗಳ ವಾದ

ಅವರಿಗೆ ಮೊದಲ ಕೀರ್ತಿಯನ್ನು ತಂದುಕೊಟ್ಟದ್ದು ಒಂದು ವಾದ. ಕೊಳೆತ ಮಾಂಸದಲ್ಲಿ, ಹಳಸಿದ ಸಾರಿನಲ್ಲಿ ಸೂಕ್ಷ್ಮ ಜೀವಿಗಳು ತಾವಾಗಿಯೇ ಹುಟ್ಟಿಕೊಳ್ಳುತ್ತವೆ ಎಂದು ಆಗಿನ ಪಂಡಿತರಲ್ಲಿ ಹಲವರು ನಂಬಿದ್ದರು. ಇಂಗ್ಲೆಂಡಿನ ಜಾನ್ ನೀಡ್‌ಹ್ಯಾಮ್ ಎಂಬವರು ಮಾಂಸದ ಸಾರನ್ನು ಕಾಯಿಸಿ, ಸೀಸೆಗೆ ತುಂಬಿ, ಬಿರಡೆಯಿಂದ ಮುಚ್ಚಿಟ್ಟರೂ ಕೆಲವು ದಿನಗಳಲ್ಲಿ ಅದರಲ್ಲಿ ಜೀವಿಗಳು ತುಂಬಿದುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಈ ಮತವನ್ನು ಎತ್ತಿಹಿಡಿದಿದ್ದರು. ಫ್ರಾನ್ಸಿನ ಪ್ರಖ್ಯಾತ ನಿಸರ್ಗತಜ್ಞ ಬುಫೊನ್ ಅವರ ಬೆಂಬಲ ಇವರಿಗಿತ್ತು. ನೀಡ್‌ಹ್ಯಾಮ್ ಅವರೂ ಕಥೋಲಿಕ ಗುರುವೇ ಆಗಿದ್ದರು ಎಂಬುದು ಇಲ್ಲಿ ಗಮನಾರ್ಹ.

ಸ್ಪಲ್ಲಾಂಜಾನಿಯವರು ಅದೇ ಪ್ರಯೋಗವನ್ನು ಹೆಚ್ಚಿನ ಎಚ್ಚರದಿಂದ ನಡೆಸಿದರು. ಗಾಜಿನ ಸೀಸೆಗಳ ಕತ್ತನ್ನು ಬೆಂಕಿಯಲ್ಲಿ ಕರಗಿಸಿ ಗಾಳಿಯೂ ನುಸುಳದಂತೆ ಮುಚ್ಚಿ, ಅವನ್ನು ಒಂದು ಗಂಟೆಯ ಕಾಲ ಕುದಿಯುವ ನೀರಿನಲ್ಲಿಟ್ಟರು. ಆ ಸೀಸೆಗಳಲ್ಲಿ ಜೀವಿಗಳು ಕಾಣಿಸಿಕೊಳ್ಳಲಿಲ್ಲ. 1765ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ಬಿರಡೆಯ ಸಂದಿನಲ್ಲಿ ಬಂದ ಗಾಳಿಯೂ ಸಾಲದ ಶಾಖವೂ ನೀಡ್‌ಹ್ಯಾಮರನ್ನು ದಾರಿ ತಪ್ಪಿಸಿವೆ ಎಂದು ತೋರಿಸಿಕೊಟ್ಟರು. ಈ ವಾದ ಪೂರ್ಣವಾಗಿ ಇತ್ಯರ್ಥವಾಗಲು ಇನ್ನೂ ನೂರು ವರ್ಷ ಕಳೆದು ಫ್ರಾನ್ಸಿನ ಲೂಯಿ ಪಾಶ್ಚರ್ ಬರಬೇಕಾಯಿತು.

ಇದನ್ನು ಧರ್ಮಕ್ಕೂ ವಿಜ್ಞಾನಕ್ಕೂ ನಡೆದ ಜಗಳವೆಂದು ಯಾರೂ ಭಾವಿಸುವಂತಿಲ್ಲ. ಜೀವಿಗಳು ಕೊಳೆತದ್ದರಿಂದ ಹುಟ್ಟಬಹುದು ಎಂಬ ಅರಿಸ್ಟಾಟಲನ ಅಭಿಪ್ರಾಯವನ್ನು ಸಂತ ತೋಮಸ್ ಅಕ್ವಿನಾಸರೂ ಒಪ್ಪಿದ್ದರು; ಅದರಿಂದ ವಿಶ್ವಾಸಕ್ಕೆ ಕುಂದೇನೂ ಬಂದಿರಲಿಲ್ಲ. ಒಂದೇ ವಿಶ್ವಾಸದ, ಒಂದೇ ದೀಕ್ಷೆಯ ಇಬ್ಬರು ಗುರುಗಳು ನಿಸರ್ಗದ ಒಂದು ಪ್ರಶ್ನೆಯಲ್ಲಿ ಪರಸ್ಪರ ಭಿನ್ನರಾದರು. ತೀರ್ಪು ನೀಡಿದ್ದು ಪೀಠಗಳಲ್ಲ, ಪ್ರಯೋಗ.

ಸೋಲೊಪ್ಪದ ಪಂಡಿತ

ಅಲ್ಲಿಂದ ಮುಂದೆ ಅವರು ಕೈಹಾಕದ ವಿಷಯ ಅಪರೂಪ. ಹಲ್ಲಿಯನ್ನು ಹೋಲುವ ಸಲಮಾಂಡರ್ ಎಂಬ ಉಭಯಜೀವಿ ಕತ್ತರಿಸಿದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವುದನ್ನು 1768ರಲ್ಲಿ ಲೋಕಕ್ಕೆ ತಿಳಿಸಿದರು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ಆಹಾರ ಜೀರ್ಣವಾಗುವುದು ಜಠರ ಅದನ್ನು ಅರೆಯುವುದರಿಂದಲೋ, ಜಠರರಸ ಕರಗಿಸುವುದರಿಂದಲೋ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ರೊಟ್ಟಿ ಮತ್ತು ಮಾಂಸವನ್ನು ಸಣ್ಣ ಬಟ್ಟೆಚೀಲಗಳಲ್ಲಿ ಹೊಲಿದು ತಾವೇ ನುಂಗಿದರು. ಅರೆಯುವಿಕೆಗೆ ಆಸ್ಪದವಿಲ್ಲದಿದ್ದರೂ ಆಹಾರ ಕರಗಿತ್ತು. ಜೀರ್ಣಕ್ರಿಯೆಯಲ್ಲಿ ಜಠರರಸದ ಪಾತ್ರವೇನೆಂಬುದು ಹೀಗೆ ಸ್ಪಷ್ಟವಾಯಿತು.

ಆದರೆ ಮಹಾಮೇಧಾವಿಗಳೂ ತಮ್ಮ ಪೂರ್ವಗ್ರಹಗಳಿಗೆ ಸೆರೆಯಾಗುತ್ತಾರೆ. ಜೀವಿ ತತ್ತಿಯೊಳಗೆ ಮೊದಲೇ ಸಂಪೂರ್ಣವಾಗಿ ರೂಪುಗೊಂಡಿರುತ್ತದೆ, ಗಂಡಿನ ಪಾತ್ರ ಅದನ್ನು ಎಚ್ಚರಿಸುವುದಷ್ಟೇ ಎಂಬ ಮತವನ್ನು ಅವರು ನಂಬಿದ್ದರು. ಗಂಡು ಕಪ್ಪೆಯ ಬೀಜದ್ರವವನ್ನು ಹೀರುಕಾಗದದಲ್ಲಿ ಸೋಸಿ ನೋಡಿದಾಗ, ಸೋಸಿ ಇಳಿದ ನೀರು ತತ್ತಿಯನ್ನು ಫಲಿಸುವುದಿಲ್ಲ, ಕಾಗದದ ಮೇಲೆ ಉಳಿದದ್ದು ಫಲಿಸುತ್ತದೆ ಎಂಬುದನ್ನು ಕಂಡವರು ಅವರೇ. ಕಾಗದದ ಮೇಲೆ ಉಳಿದಿದ್ದವು ಚಲಿಸುವ ಆ ಸೂಕ್ಷ್ಮ ಕಣಗಳೇ. ಸತ್ಯ ಅವರ ಕಣ್ಣೆದುರಿಗೇ ಇತ್ತು. ಆದರೂ ಆ ಕಣಗಳಿಗೆ ಫಲಿಸುವ ಶಕ್ತಿಯಿದೆಯೆಂದು ಅವರು ಒಪ್ಪಲಿಲ್ಲ. ಅವನ್ನು ಪರೋಪಜೀವಿಗಳೆಂದೇ ಎಣಿಸಿದರು. ಪ್ರಯೋಗ ಸರಿಯಾಗಿತ್ತು, ತೀರ್ಮಾನ ತಪ್ಪಾಗಿತ್ತು. ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಂಡರೆ ಮಾತ್ರ ಬಾವಲಿಗಳ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯ ಹಿರಿಮೆ ನಮಗೆ ಅರ್ಥವಾಗುತ್ತದೆ.

ಕೀರ್ತಿಯ ಬೆನ್ನಿಗೇ ಅಸೂಯೆಯೂ ಬಂದಿತು. 1785ರಲ್ಲಿ ಅವರು ಕಾನ್‌ಸ್ಟಾಂಟಿನೋಪಲ್ ನಗರಕ್ಕೆ ಪ್ರವಾಸ ಹೋಗಿದ್ದಾಗ, ಪಾವಿಯಾದ ವಸ್ತುಸಂಗ್ರಹಾಲಯದಿಂದ ವಸ್ತುಗಳನ್ನು ಕದ್ದು ಊರಿಗೆ ಸಾಗಿಸಿದ್ದಾರೆಂಬ ಆರೋಪವನ್ನು ಸಹೋದ್ಯೋಗಿಗಳೇ ಹೊರಿಸಿದರು. ವಿಚಾರಣೆ ನಡೆದು ಅವರು ನಿರ್ದೋಷಿಯೆಂದು ತೀರ್ಮಾನವಾಯಿತು. 1788ರಲ್ಲಿ ನೇಪಲ್ಸ್ ಮತ್ತು ಸಿಸಿಲಿಯ ಕಡೆಗೆ ತೆರಳಿ, ವೆಸೂವಿಯಸ್, ಎಟ್ನಾ, ಸ್ಟ್ರಾಂಬೊಲಿ ಜ್ವಾಲಾಮುಖಿಗಳನ್ನು ಹತ್ತಿರದಿಂದ ಪರೀಕ್ಷಿಸಿದರು. ಆಗ ಅವರ ವಯಸ್ಸು ಅರವತ್ತರ ಸಮೀಪ.

ಗೂಬೆ ಸೋತಲ್ಲಿ ಬಾವಲಿ ಗೆದ್ದಿತು

1793ರಲ್ಲಿ, ತಮ್ಮ ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಇರುಳಿನಲ್ಲಿ ಸಂಚರಿಸುವ ಪ್ರಾಣಿಗಳನ್ನು ಅಭ್ಯಾಸ ಮಾಡುತ್ತಿದ್ದರು. ಮೋಂಬತ್ತಿಯ ಮಂದ ಬೆಳಕಿರುವ ತನಕ ಕೋಣೆಯೊಳಗೆ ಗೂಬೆ ಸರಾಗವಾಗಿ ಹಾರಾಡುತ್ತಿತ್ತು. ಬತ್ತಿ ಆರಿ ಪೂರ್ಣ ಕತ್ತಲಾದೊಡನೆ ಗೋಡೆಗೆ ಬಡಿದುಕೊಳ್ಳುತ್ತಿತ್ತು. ಇದರಲ್ಲಿ ವಿಶೇಷವೇನೂ ಇಲ್ಲ. ಗೂಬೆಯ ಕಣ್ಣು ಎಷ್ಟೇ ಚುರುಕಾಗಿದ್ದರೂ ಅದಕ್ಕೆ ಒಂದಿಷ್ಟು ಬೆಳಕು ಬೇಕು. ಆದರೆ ಅದೇ ಕೋಣೆಯಲ್ಲಿ ಬಿಟ್ಟ ಬಾವಲಿಗಳು ಬತ್ತಿ ಆರಿದ ಮೇಲೂ ಏನೂ ಆಗಿಲ್ಲವೆಂಬಂತೆ ಹಾರುತ್ತಲೇ ಇದ್ದವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ನಮ್ಮ ಊರುಗಳ ಆಲದ ಮರಗಳಲ್ಲಿ ಹಗಲಿಡೀ ತಲೆಕೆಳಗಾಗಿ ತೂಗಾಡುವ, ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಕಣ್ಣಿನ ಬಲದಿಂದಲೇ ದಾರಿ ಕಾಣುತ್ತವೆ. ಸ್ಪಲ್ಲಾಂಜಾನಿಯವರು ಪರೀಕ್ಷಿಸಿದ್ದು ಹಳೆಯ ಕಟ್ಟಡಗಳ, ದೇವಾಲಯದ ಗೋಪುರಗಳ ಸಂದುಗಳಲ್ಲಿ ವಾಸಿಸುವ, ಹುಳುಹುಪ್ಪಟೆಗಳನ್ನು ತಿನ್ನುವ ಸಣ್ಣ ಜಾತಿಯ ಬಾವಲಿಗಳನ್ನು.

ಮೊದಲು ಅವರು ಬಾವಲಿಗಳ ತಲೆಗೆ ಚಿಕ್ಕ ಮುಸುಕು ತೊಡಿಸಿದರು. ಅವು ಗೋಡೆಗೆ ಡಿಕ್ಕಿ ಹೊಡೆದವು. ಹಾಗಾದರೆ ಕಣ್ಣೇ ಕಾರಣವಿರಬೇಕು ಎಂದು ತೋರಿತು. ಆದರೆ ಮುಸುಕಿಲ್ಲದೆ ಕಣ್ಣನ್ನು ಮಾತ್ರ ನಾಶಪಡಿಸಿದಾಗ ಅವು ಕಣ್ಣಿರುವ ಬಾವಲಿಗಳಷ್ಟೇ ಸಲೀಸಾಗಿ ಹಾರಿದವು. ಸೂರಿನಿಂದ ಇಳಿಬಿಟ್ಟ ತೆಳುವಾದ ದಾರಗಳ ನಡುವೆಯೂ ಅವು ನುಸುಳಿಕೊಂಡು ಹೋದವು. ಅಷ್ಟಕ್ಕೆ ತೃಪ್ತರಾಗದ ಅವರು ಪಾವಿಯಾದ ಪ್ರಧಾನಾಲಯದ ಗಂಟೆಗೋಪುರದಲ್ಲಿ ಹಿಡಿದ ಬಾವಲಿಗಳನ್ನು ಕುರುಡುಗೊಳಿಸಿ ಹೊರಗೆ ಬಿಟ್ಟರು. ಕೆಲವು ದಿನಗಳ ಬಳಿಕ ಮುಂಜಾನೆ ಗೋಪುರವನ್ನೇರಿ ನೋಡಿದಾಗ ಅವುಗಳಲ್ಲಿ ಕೆಲವು ಅಲ್ಲಿಗೇ ಹಿಂದಿರುಗಿದ್ದವು. ಸೀಳಿ ಪರೀಕ್ಷಿಸಿದಾಗ ಅವುಗಳ ಹೊಟ್ಟೆಯಲ್ಲಿ ಕಣ್ಣಿದ್ದ ಬಾವಲಿಗಳ ಹೊಟ್ಟೆಯಲ್ಲಿ ಇರುವಂತೆಯೇ ಹುಳುಗಳು ತುಂಬಿದ್ದವು. ಅಂದರೆ ಕಣ್ಣಿಲ್ಲದೆ ಮನೆಗೆ ಮರಳಿದ್ದು ಮಾತ್ರವಲ್ಲ, ಹಾರುವ ಹುಳುಗಳನ್ನು ಗಾಳಿಯಲ್ಲೇ ಬೇಟೆಯಾಡಿದ್ದವು.

ಕಣ್ಣಲ್ಲದಿದ್ದರೆ ಮತ್ತಾವುದು? ಮೈಗೆ ಲೇಪ ಬಳಿದು ಸ್ಪರ್ಶವನ್ನು ಪರೀಕ್ಷಿಸಿದರು, ಅದು ಕಾರಣವಲ್ಲ. ವಾಸನೆ, ರುಚಿ ಎರಡನ್ನೂ ಪರೀಕ್ಷಿಸಿದರು, ಅವೂ ಅಲ್ಲ. ಬಾವಲಿಗಳಿಗೆ ನಮಗಿಲ್ಲದ ಆರನೆಯ ಇಂದ್ರಿಯವೊಂದು ಇರಬಹುದೇ ಎಂಬ ಊಹೆಯೂ ಅವರಲ್ಲಿ ಸುಳಿಯಿತು. ತಮಗೆ ತೋಚದುದನ್ನು ಮುಚ್ಚಿಡದೆ ಇಟಲಿಯ ಮತ್ತು ಸ್ವಿಟ್ಜರ್ಲೆಂಡಿನ ವಿದ್ವಾಂಸರಿಗೆ ಪತ್ರಗಳನ್ನು ಬರೆದು, ಪ್ರಯೋಗಗಳನ್ನು ತಾವೂ ಮಾಡಿ ನೋಡಬೇಕೆಂದು ಬೇಡಿಕೊಂಡರು.

ಆ ಪತ್ರಗಳ ಸುದ್ದಿ ಜಿನೀವಾ ನಗರದ ಲೂಯಿ ಜುರೀನ್ ಎಂಬ ಶಸ್ತ್ರವೈದ್ಯರಿಗೆ ತಲುಪಿತು. ಅವರು ಬಾವಲಿಯ ಕಿವಿಗಳನ್ನು ಬಿಗಿಯಾಗಿ ಮುಚ್ಚಿದರು. ಬಾವಲಿ ದಿಕ್ಕುಗೆಟ್ಟು ಎಲ್ಲೆಂದರಲ್ಲಿ ಬಡಿದುಕೊಂಡಿತು. ಈ ಉತ್ತರ ಸ್ಪಲ್ಲಾಂಜಾನಿಯವರಿಗೆ ಮೊದಲು ರುಚಿಸಲಿಲ್ಲ. ಕೇಳುವ ಕಿವಿ ನೋಡುವ ಕೆಲಸ ಮಾಡುವುದು ಹೇಗೆ? ಹಾರುವ ಬಾವಲಿ ಸದ್ದನ್ನೇ ಮಾಡದಿರುವಾಗ ಅದಕ್ಕೆ ಕೇಳಿಸುವುದಾದರೂ ಏನು?

ಹಿಂದೆ ಕಪ್ಪೆಗಳ ವಿಷಯದಲ್ಲಿ ಇಂಥದೇ ಕವಲುದಾರಿಯಲ್ಲಿ ಅವರು ತಮ್ಮ ಮತವನ್ನೇ ಹಿಡಿದಿದ್ದರು. ಈ ಬಾರಿ ಹಾಗೆ ಮಾಡಲಿಲ್ಲ. 1794ರಲ್ಲಿ ಪ್ರಯೋಗವನ್ನು ತಾವೇ ಮತ್ತೆ ಕೈಗೊಂಡರು. ಬಾವಲಿಯ ಕಿವಿಯ ಅಳತೆಗೆ ತಕ್ಕ ಹಿತ್ತಾಳೆಯ ಪುಟ್ಟ ನಳಿಗೆಗಳನ್ನು ಮಾಡಿಸಿ ಕಿವಿಯೊಳಗೆ ಇಟ್ಟರು. ನಳಿಗೆಯ ಬಾಯಿ ತೆರೆದಿದ್ದಾಗ ಬಾವಲಿ ಸರಾಗವಾಗಿ ಹಾರಿತು. ಅದೇ ನಳಿಗೆಯನ್ನು ಮುಚ್ಚಿದಾಗ ಸೋತಿತು. ಕಿವಿಗೆ ವಸ್ತುವೊಂದನ್ನು ತುರುಕಿದ ನೋವಿನಿಂದ ಬಾವಲಿ ದಾರಿ ತಪ್ಪುತ್ತದೆ ಎಂಬ ಆಕ್ಷೇಪಕ್ಕೆ ಇದರಿಂದ ಎಡೆಯಿಲ್ಲದಾಯಿತು. ಜುರೀನ್ ಹೇಳಿದ್ದೇ ಸರಿ, ಬಾವಲಿಗೆ ದಾರಿ ತೋರುವುದು ಕಿವಿಯೇ ಎಂದು ವೃದ್ಧ ಪ್ರಾಧ್ಯಾಪಕರು ಒಪ್ಪಿಕೊಂಡರು. ಹೇಗೆ ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ವಿವರಿಸಲಾಗದ ಸತ್ಯವನ್ನು, ಅದೂ ಅನ್ಯರ ಕೈಯಿಂದ ಬಂದ ಸತ್ಯವನ್ನು, ಸತ್ಯವೆಂಬ ಒಂದೇ ಕಾರಣಕ್ಕೆ ಸ್ವೀಕರಿಸಿದರು.

ನೂರನಲವತ್ತು ವರ್ಷಗಳ ಮೌನ

ಲೋಕ ಅವರಷ್ಟು ವಿನಯ ತೋರಲಿಲ್ಲ. ಫ್ರಾನ್ಸಿನ ಕ್ಯುವಿಯೇ ಆ ಕಾಲದ ಪ್ರಾಣಿಶಾಸ್ತ್ರದಲ್ಲಿ ಎದುರಿಲ್ಲದ ಅಧಿಕಾರವಾಣಿ. ಅವರು ತಾವು ಒಂದು ಪ್ರಯೋಗವನ್ನೂ ಮಾಡದೆ, ಬಾವಲಿ ರೆಕ್ಕೆಯ ಸ್ಪರ್ಶಶಕ್ತಿಯಿಂದಲೇ ದಾರಿ ಕಾಣುತ್ತದೆ ಎಂದು ತೀರ್ಪಿತ್ತರು. ಪಂಡಿತರು ಅದನ್ನೇ ಪಠ್ಯಗಳಿಗೆ ಇಳಿಸಿದರು. ಬಾವಲಿ ಕಿವಿಯಿಂದ ನೋಡುವುದಾದರೆ ಕಣ್ಣಿನಿಂದ ಕೇಳುತ್ತದೆಯೋ ಎಂದು ಗೇಲಿ ಮಾಡಿದವರೂ ಇದ್ದರು. ಸ್ಪಲ್ಲಾಂಜಾನಿಯವರ ಪ್ರಯೋಗಗಳ ಪೂರ್ಣ ವಿವರಗಳು ಅವರ ಕೈಬರಹಗಳಲ್ಲೇ ಉಳಿದುಹೋದವು.

1796ರಲ್ಲಿ ಫ್ರೆಂಚ್ ಸೇನೆ ಲೊಂಬಾರ್ಡಿಯನ್ನು ಆಕ್ರಮಿಸಿತು. ಹೊಸ ಆಡಳಿತ ಅವರಿಗೆ ಪ್ಯಾರಿಸಿನಲ್ಲಿ ಪ್ರಾಧ್ಯಾಪಕ ಹುದ್ದೆಯನ್ನು ನೀಡಲು ಮುಂದಾದರೂ ವಯಸ್ಸಿನ ಕಾರಣದಿಂದ ಅವರು ನಿರಾಕರಿಸಿದರು. 1799ರ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದು ಪಾವಿಯಾದಲ್ಲಿ ನಿಧನ ಹೊಂದಿದರು. ಅವರು ಸಂಗ್ರಹಿಸಿದ ವಸ್ತುಗಳನ್ನು ರೆಜ್ಜಿಯೊ ನಗರದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಕಾಣಬಹುದು.

ಅವರು ತೀರಿಕೊಂಡ ಮರುವರ್ಷ, ಅದೇ ಪಾವಿಯಾ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಪ್ರಾಧ್ಯಾಪಕರೂ ಶ್ರದ್ಧಾವಂತ ಕಥೋಲಿಕರೂ ಆದ ಅಲೆಸಾಂಡ್ರೊ ವೋಲ್ಟಾ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರವೊಂದರಲ್ಲಿ ತಮ್ಮ ವಿದ್ಯುತ್ಕೋಶವನ್ನು ಪ್ರಕಟಿಸಿದರು. 1800ರ ಮಾರ್ಚ್ 20ರ ಆ ಪತ್ರದಿಂದ ಜಗತ್ತಿಗೆ ಮೊದಲ ಬ್ಯಾಟರಿ ದೊರೆಯಿತು. ಒಂದೇ ವಿದ್ಯಾಪೀಠದ ಇಬ್ಬರು ಸಹೋದ್ಯೋಗಿಗಳಲ್ಲಿ ಒಬ್ಬರು ಬ್ಯಾಟರಿಯ ಜನಕರಾದರು. ಇನ್ನೊಬ್ಬರು ಬ್ಯಾಟರಿ ಬೇಡದ ಒಂದು ಜ್ಞಾನದ ಬೀಜವನ್ನು ಬಿತ್ತಿ ಹೋಗಿದ್ದರು. ಮೊದಲನೆಯದು ಕೂಡಲೇ ಫಲ ಕೊಟ್ಟಿತು. ಎರಡನೆಯದು ಮಣ್ಣಿನೊಳಗೆ ಬಹುಕಾಲ ಮಲಗಿತ್ತು.

1938ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಡೊನಾಲ್ಡ್ ಗ್ರಿಫಿನ್ ಅವರು ಭೌತಶಾಸ್ತ್ರ ಪ್ರಾಧ್ಯಾಪಕ ಪಿಯರ್ಸ್ ಅವರು ನಿರ್ಮಿಸಿದ್ದ ಶ್ರವಣಾತೀತ ಧ್ವನಿಯ ಗ್ರಾಹಕದ ಮುಂದೆ ಬಾವಲಿಗಳನ್ನು ಹಿಡಿದರು. ಮೌನವೆಂದು ಎಲ್ಲರೂ ಭಾವಿಸಿದ್ದ ಜೀವಿ ನಿಜಕ್ಕೂ ಗದ್ದಲವೆಬ್ಬಿಸುತ್ತಿತ್ತು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳ ಸದ್ದನ್ನು ಮಾತ್ರ ಗ್ರಹಿಸಬಲ್ಲುದು. ಬಾವಲಿಗಳ ಕೂಗು ಆ ಮೇಲಿನ ಗಡಿಯನ್ನು ದಾಟಿದ್ದು. ಬಳಿಕ ಗ್ರಿಫಿನ್ ಮತ್ತು ರಾಬರ್ಟ್ ಗಲಾಂಬೊಸ್ ಅವರು ಜೊತೆಯಾಗಿ, ಬಾವಲಿಯ ಕಿವಿಯನ್ನು ಮುಚ್ಚಿದರೂ ಬಾಯಿಯನ್ನು ಮುಚ್ಚಿದರೂ ಅದು ದಾರಿ ತಪ್ಪುತ್ತದೆ ಎಂಬುದನ್ನು ತೋರಿಸಿದರು. ಬಾಯಿಯಿಂದ ಹೊರಟ ಕೂಗು ವಸ್ತುಗಳಿಗೆ ತಗಲಿ ಪ್ರತಿಧ್ವನಿಯಾಗಿ ಮರಳುತ್ತದೆ. ಆ ಪ್ರತಿಧ್ವನಿಯೇ ಬಾವಲಿಗೆ ದೀಪ. ಮುಸುಕು ಹಾಕಿದ ಬಾವಲಿ ಸೋತದ್ದೇಕೆ, ಕಣ್ಣು ಕಳೆದುಕೊಂಡ ಬಾವಲಿ ಗೆದ್ದದ್ದೇಕೆ ಎಂಬ ಒಗಟು ಆಗ ಬಿಡಿಸಿತು. ಮುಸುಕು ಕಣ್ಣಿನ ಜೊತೆಗೆ ಕಿವಿಬಾಯಿಗಳನ್ನೂ ಮುಚ್ಚಿತ್ತು.

ಗುಡಿಯ ಗೋಪುರದಿಂದ ಮನೆಯ ಬಾಗಿಲಿಗೆ

ಇಂದು ಕೇಳದ ಸದ್ದು ಮನುಷ್ಯನ ಸೇವೆಗೆ ನಿಂತಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವಿನ್ ಅವರು ಅದರಿಂದ ಸಮುದ್ರದೊಳಗಿನ ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ವಿಧಾನ ಕಂಡುಹಿಡಿದರು. 1958ರಲ್ಲಿ ಗ್ಲಾಸ್ಗೊ ನಗರದ ವೈದ್ಯ ಇಯನ್ ಡೊನಾಲ್ಡ್ ಮತ್ತವರ ಸಂಗಡಿಗರು ತಾಯಿಯ ಗರ್ಭದೊಳಗಿನ ಶಿಶುವನ್ನು ಅದರಿಂದಲೇ ಕಾಣಬಹುದೆಂದು ಪ್ರಕಟಿಸಿದರು. 1956ರಲ್ಲಿ ಅಮೆರಿಕದ ಜೆನಿತ್ ಸಂಸ್ಥೆಯ ರಾಬರ್ಟ್ ಆಡ್ಲರ್ ಅವರು ರೂಪಿಸಿದ ದೂರದರ್ಶನದ ದೂರನಿಯಂತ್ರಕದಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು. ಸರಳುಗಳು ನಾಲ್ಕು, ಒಂದೊಂದರ ಉದ್ದ ಬೇರೆ, ಆದ್ದರಿಂದ ಒಂದೊಂದರ ಕೇಳದ ನಾದವೂ ಬೇರೆ. ಈ ಲೇಖನದ ಆರಂಭದಲ್ಲಿ ಹೇಳಿದ ಗೃಹಸಾಧನಗಳು ಇದೇ ವಂಶಕ್ಕೆ ಸೇರಿದವು.

ಇವುಗಳ ಪ್ರಯೋಜನ ಕ್ಷುಲ್ಲಕವಾದುದಲ್ಲ. ಮಕ್ಕಳು ದೂರದೇಶಗಳಲ್ಲಿದ್ದು ವೃದ್ಧ ತಂದೆತಾಯಿ ಒಂಟಿಯಾಗಿ ದಿನ ದೂಡುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ? ಅಮ್ಮ ಬೆಳಗ್ಗೆ ಎದ್ದು ಅಡುಗೆಮನೆಯ ಬಾಗಿಲು ತೆರೆದರೋ, ಔಷಧಿಯ ಪೆಟ್ಟಿಗೆ ಮುಟ್ಟಿದರೋ ಎಂಬುದನ್ನು, ಅವರ ಮುಖದ ಮೇಲೆ ಕ್ಯಾಮರಾ ನೆಡದೆ ತಿಳಿಯುವುದು ಇದರಿಂದ ಸಾಧ್ಯ. ನೋಡದೆಯೇ ಕಾಯುವ ಈ ವಿಧಾನ ವೃದ್ಧರ ಮಾನವನ್ನೂ ಉಳಿಸುತ್ತದೆ. ಆದರೆ ಬಾಗಿಲು ತೆರೆಯಿತು ಎಂದು ಯಂತ್ರ ಹೇಳಬಲ್ಲುದೇ ಹೊರತು, ಆ ಬಾಗಿಲಿನಲ್ಲಿ ಅಮ್ಮ ಯಾರ ದಾರಿ ಕಾಯುತ್ತ ನಿಂತಿದ್ದಾರೆ ಎಂದು ಹೇಳಲಾರದು. ಅದನ್ನು ಕೇಳಿಸಿಕೊಳ್ಳುವ ಕಿವಿ ಮಕ್ಕಳದೇ ಆಗಿರಬೇಕು.

ಸ್ಪಲ್ಲಾಂಜಾನಿಯವರ ಬಾಳನ್ನು ಮೆಚ್ಚುವಾಗ ಅದರ ಒಂದು ನೆರಳನ್ನು ಮರೆಯುವುದು ನ್ಯಾಯವಲ್ಲ. ಕಣ್ಣು ಕಳೆದುಕೊಂಡ ಆ ಬಾವಲಿಗಳೂ ದೇವರ ಸೃಷ್ಟಿಯೇ. ಪ್ರಾಣಿಗಳಿಗೂ ನೋವಾಗುತ್ತದೆ ಎಂಬ ವಿಚಾರ ಆ ಕಾಲದ ಪ್ರಯೋಗಶಾಲೆಗಳನ್ನು ಹೆಚ್ಚಾಗಿ ಕಾಡಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗ ಯುಕ್ತ ಮಿತಿಯೊಳಗಿದ್ದು, ಮಾನವಜೀವವನ್ನು ಗುಣಪಡಿಸಲು ಅಥವಾ ಉಳಿಸಲು ನೆರವಾದರೆ ಮಾತ್ರ ಒಪ್ಪತಕ್ಕದ್ದು, ಅನಗತ್ಯ ಹಿಂಸೆ ಮಾನವನ ಘನತೆಗೇ ವಿರುದ್ಧ ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಬೋಧಿಸುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ಅವರ ಕೆಲವು ಪ್ರಯೋಗಗಳು ನಮ್ಮ ಮನಸ್ಸನ್ನು ಕಲಕುತ್ತವೆ, ಕಲಕಲೇಬೇಕು. ಒಬ್ಬರಿಂದ ಕಲಿಯುವುದೆಂದರೆ ಅವರ ಎಲ್ಲ ನಡೆಗಳಿಗೂ ಮುದ್ರೆಯೊತ್ತುವುದಲ್ಲ.

ಅವರಿಂದ ಕಲಿಯಬೇಕಾದುದೇನು? ಜ್ಞಾನ ಇಂದ್ರಿಯಗಳಿಂದಲೇ ಆರಂಭವಾಗುತ್ತದೆ ಎಂದು ಗುರುಮಠಗಳ ತತ್ತ್ವಶಾಸ್ತ್ರ ನಮಗೆ ಕಲಿಸುತ್ತದೆ. ಆದರೆ ಇಂದ್ರಿಯಗಳ ಗಡಿಯೇ ಇರವಿನ ಗಡಿ ಎಂದು ಅದು ಎಂದೂ ಕಲಿಸಿಲ್ಲ. ನನಗೆ ಕೇಳಿಸದು ಎಂಬ ಮಾತಿಗೂ ಸದ್ದೇ ಇಲ್ಲ ಎಂಬ ಮಾತಿಗೂ ಇರುವ ಅಂತರ ಬಹು ದೊಡ್ಡದು. ಆ ಅಂತರವನ್ನು ಮರೆತವರು ಬಾವಲಿಯನ್ನು ನೂರನಲವತ್ತು ವರ್ಷ ಮೂಕಪ್ರಾಣಿಯೆಂದೇ ಎಣಿಸಿದರು. ಕೇಳದ ಸದ್ದೊಂದು ಇದೆ ಎಂದಮಾತ್ರಕ್ಕೆ ಕಾಣದ ದೇವರು ಇದ್ದಾನೆಂದು ಸಿದ್ಧವಾಗುವುದಿಲ್ಲ. ಅಂಥ ಅಗ್ಗದ ತರ್ಕ ವಿಶ್ವಾಸಕ್ಕೆ ಭೂಷಣವಲ್ಲ. ಕಾಣದ್ದರಿಂದ ಇಲ್ಲ ಎಂಬ ತರ್ಕವೂ ಅಷ್ಟೇ ಅಗ್ಗದ್ದು ಎಂಬುದನ್ನು ಮಾತ್ರ ಈ ಚರಿತ್ರೆ ನಮಗೆ ತೋರಿಸಿಕೊಡುತ್ತದೆ.

ಕ್ಯುವಿಯೇ ಅವರಲ್ಲಿ ಉತ್ತರವಿತ್ತು, ಆದರೆ ಆ ಉತ್ತರ ತಪ್ಪಾಗಿತ್ತು. ಸ್ಪಲ್ಲಾಂಜಾನಿಯವರಲ್ಲಿ ಉತ್ತರವಿರಲಿಲ್ಲ, ಆದರೆ ಅವರು ಸತ್ಯದ ಪಕ್ಕದಲ್ಲಿ ನಿಂತಿದ್ದರು. ವಾದದಲ್ಲಿ ಗೆಲ್ಲುವ ಆತುರ ನಮ್ಮ ಕುಟುಂಬಗಳಲ್ಲಿ, ಸಂಘಗಳಲ್ಲಿ, ಧರ್ಮಕೇಂದ್ರದ ಸಭೆಗಳಲ್ಲೂ ಕಡಿಮೆಯೇನಿಲ್ಲ. ಎದುರಿನವರು ತಂದ ಸಾಕ್ಷ್ಯ ಸರಿಯಾಗಿದ್ದರೆ, ಅದು ನಮ್ಮ ಹಳೆಯ ಅಭಿಪ್ರಾಯವನ್ನು ಮುರಿದರೂ, ಪೂರ್ತಿ ಅರ್ಥವಾಗದಿದ್ದರೂ, ಅದನ್ನು ಒಪ್ಪುವುದಕ್ಕೆ ದೊಡ್ಡ ಮನಸ್ಸು ಬೇಕು. ಅರವತ್ತೈದರ ಮುಪ್ಪಿನಲ್ಲಿ, ಯೂರೋಪಿನ ಕೀರ್ತಿಯೆಲ್ಲ ತಲೆಯ ಮೇಲಿರುವಾಗ, ಆ ಗುರು ಜಿನೀವಾದ ಶಸ್ತ್ರವೈದ್ಯನೊಬ್ಬನ ಮಾತಿಗೆ ಕಿವಿಗೊಟ್ಟರು. ತಮಗೆ ತಿಳಿದಷ್ಟನ್ನು ನಿಷ್ಠೆಯಿಂದ ಬರೆದಿಟ್ಟು, ತಿಳಿಯದುದನ್ನು ಮುಂದಿನವರಿಗೆ ಬಿಟ್ಟುಹೋದರು.